ಯಾವ ಹನುಮಪ್ಪ ಅಸಲಿ?

2023ರ ಜೂನ್ ಮೊದಲ ವಾರ. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಊಟದ ಹೊತ್ತಿಗೆ ದಿನಾ ಒಂದೇ ಜಗಳ. ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಆಗಷ್ಟೇ ಬಂದಿತ್ತು, ಕನ್ನಡವೂ ಸೇರಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ. ಒಬ್ಬ, ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದ 1994ರ ಸರಣಿಯ ಸ್ಪೈಡರ್‌ಮ್ಯಾನೇ ನಿಜವಾದವನು ಅಂತಾನೆ. ಇನ್ನೊಬ್ಬಳು, 1962ರ ಕಾಮಿಕ್ಸ್‌ನಿಂದ ಶುರು ಮಾಡದೆ ನೀವ್ಯಾರೂ ಮಾತಾಡೋ ಹಾಗೇ ಇಲ್ಲ ಅಂತಾಳೆ. ಮೂರನೆಯವನಿಗೆ ಮೈಲ್ಸ್ ಮೊರಾಲೆಸ್ ಬಿಟ್ಟರೆ ಬೇರೆ ದೇವರಿಲ್ಲ.

ಸಿನಿಮಾದ ಕಥೆಯೂ ಇದೇ ಜಗಳ ಅನ್ನಿ. ಸ್ಪೈಡರ್‌ಮ್ಯಾನ್ ಅನ್ನಿಸಿಕೊಳ್ಳಬೇಕಾದರೆ ಅವನ ಬದುಕಿನಲ್ಲಿ ಇಂತಿಂಥ ಘಟನೆ ನಡೆಯಲೇಬೇಕು, ಅದೇ ‘ಕ್ಯಾನನ್’ ಅಂತ ಒಬ್ಬ ಹಟ ಹಿಡಿಯುತ್ತಾನೆ. ನನ್ನ ಕಥೆ ನಾನೇ ಬರ್ಕೊಳ್ತೀನಿ ಅಂತ ಮೈಲ್ಸ್ ಓಡುತ್ತಾನೆ.

‘ನಿಂದು ಯಾವ ಟೀಮ್?’ ಅಂತ ನನ್ನನ್ನು ಕೇಳಿದರು. ನಾನು ರೊಟ್ಟಿ ಮುರಿಯುತ್ತಾ, ‘ನಮ್ಮ ಜಿಲ್ಲಾದಾಗ ಈ ಜಗಳ ಆರುನೂರು ವರ್ಷದಿಂದ ನಡದೈತಿ’ ಅಂದೆ. ಎಲ್ಲರೂ ನಕ್ಕರು. ಆದರೆ ನಾನು ತಮಾಷೆಗೆ ಹೇಳಿರಲಿಲ್ಲ. ಆ ದಿನ ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕುಷ್ಟಗಿ ತಾಲ್ಲೂಕು. ನಮ್ಮ ಕಡೆ ತಾಯಿಗೆ ಅವ್ವ ಅಂತೀವಿ, ಅಜ್ಜಿಗೆ ಅಮ್ಮ. ನಮ್ಮ ಅಮ್ಮನ ತವರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಎರಡೂ ಕಡೆ ಮಳೆ ನಂಬಿ ಬಿತ್ತುವ ನೆಲ. ಅಮ್ಮ ಸಣ್ಣವಳಿದ್ದಾಗ ಮಳೆ ಹೋದ ವರ್ಷ ಊರವರು ಪಟ್ಟಿ ಎತ್ತಿ ಶಿಳ್ಳೇಕ್ಯಾತರನ್ನು ಕರೆಸುತ್ತಿದ್ದರಂತೆ. ತೊಗಲು ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಅನ್ನೋದು ಜನರ ನಂಬಿಕೆ. ರಾತ್ರಿ ಊಟವಾದ ಮೇಲೆ ಪರದೆ ಕಟ್ಟಿದರೆ ಬೆಳಗಿನ ತನಕ ಆಟ.

ಆ ಆಟದ ಕಥೆಗಳನ್ನೇ ಅಮ್ಮ ನನಗೆ ಹೇಳುತ್ತಿದ್ದಳು. ಕೇಳುವವನು ನಡುನಡುವೆ ‘ಹೂಂ’ ಅನ್ನಬೇಕು. ಅನ್ನದಿದ್ದರೆ ಕಥೆ ನಿಲ್ಲುತ್ತಿತ್ತು. ‘ಹೂಂ ಅನ್ನಲೇ, ನಿದ್ದಿ ಹತ್ತಿತೇನು?’

ನನಗೆ ಇಷ್ಟದ್ದು ಮೈರಾವಣನ ಕಥೆ. ಯುದ್ಧದ ರಾತ್ರಿ ಹನುಮಪ್ಪ ತನ್ನ ಬಾಲವನ್ನೇ ಸುತ್ತಿ ಕೋಟೆ ಮಾಡಿ ರಾಮ-ಲಕ್ಷ್ಮಣರನ್ನು ಒಳಗೆ ಮಲಗಿಸಿರುತ್ತಾನೆ. ಪಾತಾಳದ ಮೈರಾವಣ ವಿಭೀಷಣನ ವೇಷದಲ್ಲಿ ಬಂದು ಇಬ್ಬರನ್ನೂ ಕದ್ದೊಯ್ಯುತ್ತಾನೆ. ಹನುಮಪ್ಪ ತಾವರೆಯ ದಂಟಿನೊಳಗೆ ಇಳಿದು ಪಾತಾಳ ಸೇರುತ್ತಾನೆ. ಅಲ್ಲಿ ಬಾಗಿಲು ಕಾಯುವವನು ಅರ್ಧ ಮಂಗ, ಅರ್ಧ ಮೀನು. ಅವನೇ ಮತ್ಸ್ಯಹನುಮ. ಇಬ್ಬರೂ ಹೊಡೆದಾಡಿದರೆ ಯಾರೂ ಸೋಲುವುದಿಲ್ಲ. ಯಾಕೆ ಅಂದರೆ ಅವನು ಹನುಮಪ್ಪನ ಮಗ. ಲಂಕೆ ಸುಟ್ಟು ಸಮುದ್ರ ಹಾರುವಾಗ ಬಿದ್ದ ಬೆವರ ಹನಿಯನ್ನು ಮೀನೊಂದು ನುಂಗಿ ಹುಟ್ಟಿದವನು. ತಂದೆಗೆ ಮಗನ ಗುರುತಿಲ್ಲ, ಮಗನಿಗೆ ತಂದೆಯ ಗುರುತಿಲ್ಲ.

2003ರಲ್ಲಿ ನಾನು ಒಂಬತ್ತನೇ ಕ್ಲಾಸು. ಕ್ವಿಜ್ ಹುಚ್ಚು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆಗಿದ್ದು ಯಾವಾಗ ಅಂದರೆ ‘1997’ ಅಂತ ಥಟ್ಟನೆ ಕೈ ಎತ್ತುವ ಹುಡುಗ. ಅಂಥ ಹುಡುಗ ಒಂದು ರಾತ್ರಿ, ಹನುಮಪ್ಪ ಮತ್ತು ಮತ್ಸ್ಯಹನುಮ ಬಾಗಿಲಲ್ಲಿ ಹೊಡೆದಾಡುವಾಗ, ‘ಹೂಂ’ ಅನ್ನುವ ಬದಲು ಹೀಗಂದ: ‘ಅಮ್ಮಾ, ಇದು ವಾಲ್ಮೀಕಿ ರಾಮಾಯಣದಾಗ ಇಲ್ಲ. ನಮ್ಮ ಸರ್ ಹೇಳ್ಯಾರ. ಹನುಮಪ್ಪಗ ಮಗಾನೂ ಇಲ್ಲ, ಮರಿನೂ ಇಲ್ಲ. ಎಲ್ಲಾ ಸುಳ್ಳು.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹೌದೇನಪಾ? ಸಾಲಿ ಕಲ್ತಾವ ನೀನು. ನಾ ಪರದೇದ ಮ್ಯಾಲ ನೋಡಿದ್ದು ಹೇಳಿದೆ’ ಅಂದು ಕೌದಿ ಎಳೆದುಕೊಂಡು ಮಲಗಿದಳು. ಆಮೇಲೆ ಅವಳು ಕಥೆ ಹೇಳಲಿಲ್ಲ. ನಾನೂ ಕೇಳಲಿಲ್ಲ. 2012ರಲ್ಲಿ ಅವಳು ತೀರಿಕೊಂಡಾಗ ನಾನು ಬೆಂಗಳೂರಲ್ಲಿದ್ದೆ.

ಕ್ವಿಜ್ ಲೆಕ್ಕದಲ್ಲಿ ನನ್ನ ಉತ್ತರ ಸರಿಯೇ. ವಾಲ್ಮೀಕಿಯಲ್ಲಿ ಮೈರಾವಣ ಇಲ್ಲ. ಹಾಗೆ ನೋಡಿದರೆ ಲಕ್ಷ್ಮಣರೇಖೆಯೂ ಇಲ್ಲ. ಶಬರಿ ಹಣ್ಣು ಕಚ್ಚಿ ರುಚಿ ನೋಡಿ ಕೊಟ್ಟಳು ಅನ್ನುವುದೂ ಇಲ್ಲ. ಆದರೆ ಗಂಗಾವತಿ ತಾಲ್ಲೂಕಿನ ಪಂಪಾಸರೋವರಕ್ಕೆ ಹೋಗಿ, ಅಲ್ಲಿ ಶಬರಿಯ ಗುಹೆ ತೋರಿಸುವವರ ಮುಂದೆ ಈ ಮಾತು ಹೇಳಿ ನೋಡಿ. ಎಂಜಲು ಹಣ್ಣಿಲ್ಲದ ಶಬರಿ ಅವರಿಗೆ ಶಬರಿಯೇ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಸೂಪರ್‌ಹೀರೋ ಕಥೆ ಬರೀ ಪುಸ್ತಕದಲ್ಲಿಲ್ಲ, ನೆಲದ ಮೇಲಿದೆ. ಆನೆಗೊಂದಿಯ ಸುತ್ತಮುತ್ತಲೇ ಕಿಷ್ಕಿಂಧೆ ಅನ್ನುವುದು ಹಳೆಯ ನಂಬಿಕೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದರೆ ಹನುಮಂತ ಹುಟ್ಟಿದ ಜಾಗ. ಹೊಳೆ ದಾಟಿದರೆ ನಿಂಬಾಪುರದಲ್ಲಿ ಬೂದಿಯ ದಿಬ್ಬ, ವಾಲಿಯನ್ನು ಸುಟ್ಟ ಜಾಗ ಅಂತಾರೆ. ಪುರಾತತ್ವದವರು ಅದನ್ನೇ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದ ಬೂದಿಗುಡ್ಡ ಅಂತಾರೆ. ಒಂದೇ ಬೂದಿ, ಎರಡು ಕಥೆ.

ಹಂಪಿಯ ಹಜಾರರಾಮ ದೇವಸ್ಥಾನವನ್ನು ನೀವು ನೋಡಿರಬಹುದು. ಹದಿನೈದನೇ ಶತಮಾನದ ಮೊದಲ ಭಾಗದ್ದು. ಹೊರಗೋಡೆಯ ಮೇಲೆ ಮೂರು ಸಾಲಿನಲ್ಲಿ ರಾಮಾಯಣ ಕೆತ್ತಿದ್ದಾರೆ. ಕೆಳಗಿನ ಸಾಲು ಓದಲು ಒಂದು ಸುತ್ತು, ಮೇಲಿನದಕ್ಕೆ ಇನ್ನೊಂದು. ಪ್ರದಕ್ಷಿಣೆ ಹಾಕುತ್ತಾ ಹೋದಂತೆ ಚಿತ್ರ ಮುಂದೆ ಸಾಗುತ್ತದೆ. ಕಾಮಿಕ್ಸ್ ಅಂದರೆ ಇನ್ನೇನು? ಪುಟ ಮಗುಚುವ ಬದಲು ನಾವೇ ನಡೆಯಬೇಕು, ಅಷ್ಟೇ. ನಾನು ಆರುನೂರು ವರ್ಷ ಅಂದಿದ್ದು ಈ ಗೋಡೆ ನೆನಪಾಗಿ.

ಜಗಳ ಇನ್ನೂ ಹಳೆಯದು. ಗಂಗಾವತಿಯಿಂದ ಕೊಪ್ಪಳಕ್ಕೆ ಒಂದು ತಾಸಿನ ಬಸ್ ದಾರಿ. ಆ ಕೊಪ್ಪಳ ಹಿಂದೆ ಕೊಪಣ, ಜೈನರ ಮಹಾತೀರ್ಥ. ಜೈನರ ಬಳಿ ಅವರದೇ ರಾಮಾಯಣ ಇತ್ತು. ಪ್ರಾಕೃತದಲ್ಲಿ ವಿಮಲಸೂರಿ ಬರೆದ, ಕನ್ನಡದಲ್ಲಿ ನಾಗಚಂದ್ರ 1100ರ ಸುಮಾರಿಗೆ ಬರೆದ. ಅದರಲ್ಲಿ ವಾನರರು ಮಂಗಗಳೇ ಅಲ್ಲ. ಧ್ವಜದ ಮೇಲೆ ಮಂಗನ ಗುರುತಿರುವ ವಿದ್ಯಾಧರ ವಂಶದ ಮನುಷ್ಯರು. ಅವರ ಹನುಮಂತ ಸುಂದರಾಂಗ, ಮದುವೆಯಾದವನು. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಮಂಗ ಎಲ್ಲಾದರೂ ಮಾತಾಡೀತೇ, ರಾವಣನಿಗೆ ಹತ್ತು ತಲೆ ಇರಲು ಸಾಧ್ಯವೇ ಅಂತ ಕೇಳಿಕೊಂಡು, ಕಥೆಯನ್ನು ನಂಬುವಂತೆ ತಿದ್ದಿ ಬರೆದವರು ಅವರು. ಈಗಿನ ಸ್ಟುಡಿಯೋಗಳು ಹಳೆಯ ಹೀರೋನನ್ನು ‘ರಿಯಲಿಸ್ಟಿಕ್’ ಮಾಡಿ ರೀಬೂಟ್ ಮಾಡುವುದಕ್ಕಿಂತ ಇದೇನು ಬೇರೆ?

ಆಮೇಲೆ ವಿಜಯಪುರ ಸೀಮೆಯ ತೊರವೆಯಲ್ಲಿ ಕುಮಾರವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ಹಾಡುವಂಥ ರಾಮಾಯಣ ಬರೆದ. 1949ರಲ್ಲಿ ಕುವೆಂಪು ‘ಶ್ರೀರಾಮಾಯಣದರ್ಶನಂ’ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ದಕ್ಷಿಣ ಕರ್ನಾಟಕದ ಜನಪದ ಹಾಡುಗಾರರ ರಾಮಾಯಣವೊಂದರಲ್ಲಿ ಮಾವಿನ ಹಣ್ಣು ತಿಂದು ಬಸಿರಾಗುವವನು ರಾವಣನೇ. ಅವನು ಸೀನಿದಾಗ ಹುಟ್ಟಿದ ಮಗು ಸೀತೆ. ಸೀತದ್ದಕ್ಕೆ ಸೀತೆ! ಸಂಸ್ಕೃತದಲ್ಲಿ ಸೀತೆ ಅಂದರೆ ನೇಗಿಲ ಗೆರೆ. ಕನ್ನಡದ ಕಿವಿಗೆ ಅದು ಸೀನು. ಈ ಕಥೆಯನ್ನು ಜಗತ್ತಿಗೆ ಹೇಳಿದ್ದು ಮೈಸೂರಿನ ಎ.ಕೆ. ರಾಮಾನುಜನ್, ‘ಮುನ್ನೂರು ರಾಮಾಯಣಗಳು’ ಎಂಬ ಅವರ ಪ್ರಸಿದ್ಧ ಪ್ರಬಂಧದಲ್ಲಿ. ಅದನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಇತಿಹಾಸದ ಪಠ್ಯದಿಂದ ತೆಗೆಯಿತು. ಫ್ಯಾನ್ ಜಗಳ ಸಿಲಬಸ್ಸಿನವರೆಗೂ ಬಂದಿತ್ತು.

ಈಗ ತೊಗಲು ಗೊಂಬೆಗೆ ಬರೋಣ. ನನ್ನ ಪ್ರಕಾರ ನಮ್ಮ ಸೀಮೆಯ ನಿಜವಾದ ಅನಿಮೇಷನ್ ಅದೇ. ಆಡಿನ ಚರ್ಮದ ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಗೆರೆ ಬರೆದು, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಕೆಂಪು, ಹಸಿರು, ಕಪ್ಪು ಬಣ್ಣ ಹಚ್ಚುತ್ತಾರೆ. ಬಿಳಿ ಪರದೆಯ ಹಿಂದೆ ದೀಪ. ನಡುವೆ ಗೊಂಬೆ. ಕರೀ ನೆರಳಲ್ಲ, ಬಣ್ಣದ ಬೆಳಕೇ ಪರದೆ ಮೇಲೆ ಬೀಳುತ್ತದೆ. ನಮ್ಮ ಉತ್ತರದ ಕಡೆ ಗೊಂಬೆಗಳು ದೊಡ್ಡವು. ಕೆಲವೊಮ್ಮೆ ಇಡೀ ರಾಜಸಭೆಯನ್ನೇ ಒಂದು ತೊಗಲಿನ ಮೇಲೆ ಕೊರೆದಿರುತ್ತಾರೆ.

ಆಟ ಶುರುವಾಗುವುದು ರಾಮನಿಂದಲ್ಲ. ಮೊದಲು ಬರುವವರು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಇಬ್ಬರೂ ಬೈದಾಡಿ, ಊರ ಸುದ್ದಿ ಆಡಿ, ಯಾರನ್ನೂ ಬಿಡದೆ ಕಾಲೆಳೆದು ಜನರನ್ನು ನಗಿಸಿದ ಮೇಲೆ ದೇವರ ಕಥೆ. ನಡುವೆಯೂ ಬರುತ್ತಿರುತ್ತಾರೆ. ರಾಮ ಹೀಗ್ಯಾಕೆ ಮಾಡಿದ ಅಂತ ನೋಡುವವರ ಮನಸ್ಸಿಗೆ ಬಂದ ಪ್ರಶ್ನೆಯನ್ನು ಗೊಂಬೆಯ ಬಾಯಲ್ಲೇ ಕೇಳಿಸಲು ಇವರಿಗಿಂತ ಒಳ್ಳೆಯ ಜೋಡಿ ಬೇಕೇ? ಸ್ಪೈಡರ್‌ವರ್ಸ್ ಬಗ್ಗೆ ನಾವು ಪ್ಯಾಂಟ್ರಿಯಲ್ಲಿ ಆಡಿದ ಮಾತಿಗೆ ಅಲ್ಲಿ ಪರದೆಯ ಮೇಲೇ ಜಾಗ ಇತ್ತು.

ಹೀಗೆ ಬಾಯಿಂದ ಬಾಯಿಗೆ ಬಂದ ಆಟದಲ್ಲಿ ‘ಫೈನಲ್ ಕಟ್’ ಎಲ್ಲಿಂದ ಬರಬೇಕು? ಗೊಂಬೆಗಳು ಮನೆತನದ ಆಸ್ತಿ. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಹಾಡು, ಮಾತು, ಕೈಚಳಕ ದಾಟಬೇಕು. ಮುಖ್ಯ ಪಾತ್ರಕ್ಕೆ ಸಂದರ್ಭಕ್ಕೊಂದರಂತೆ ಹಲವು ಗೊಂಬೆ. ಯಾವುದೋ ಒಂದು ಹರಿದರೆ ಆ ದೃಶ್ಯ ಚಿಕ್ಕದಾಗಬಹುದು. ಊರವರು ಇನ್ನಷ್ಟು ಯುದ್ಧ ಬೇಕು ಅಂದರೆ ಉದ್ದವಾಗಬಹುದು. ಒಂದು ಮೇಳದ ಮೈರಾವಣನ ಜೀವ ದುಂಬಿಯೊಳಗಿದ್ದರೆ, ಬೇರೆ ಕಡೆಯ ಕಥೆಯಲ್ಲಿ ಐದು ದಿಕ್ಕಿನ ಐದು ದೀಪದಲ್ಲಿ. ಐದನ್ನೂ ಒಟ್ಟಿಗೆ ಆರಿಸಲೆಂದೇ ಹನುಮಂತ ಪಂಚಮುಖಿ ಆದದ್ದು. ನಮ್ಮ ಅಮ್ಮ ದುಂಬಿ ಪಕ್ಷ. ಅವಳ ಗೆಳತಿಯೊಬ್ಬಳು ದೀಪದ ಪಕ್ಷ. ಇಬ್ಬರೂ ಕಟ್ಟೆ ಮೇಲೆ ಕೂತು ಜಗಳ ಆಡಿದ್ದನ್ನು ಕೇಳಿದ್ದೇನೆ. ‘ನೀ ಎಲ್ಲಿ ನೋಡಿದಿ?’ ‘ನೀ ಯಾವೂರಾಗ ನೋಡಿದಿ?’ ಅಲ್ಲಿಗೆ ಮುಗೀತು. ನಿಮ್ಮೂರಲ್ಲಿ ಹಾಗೆ ಆಡಿಸಿದರು, ನಮ್ಮೂರಲ್ಲಿ ಹೀಗೆ ಆಡಿಸಿದರು. ಯಾರೂ ಯಾರಿಗೂ ‘ಸುಳ್ಳು’ ಅನ್ನಲಿಲ್ಲ.

ಓದಿದ ಪಂಡಿತರ ಬಳಿಯೂ ಇದಕ್ಕೊಂದು ಉಪಾಯ ಇತ್ತು. ಅದರ ಹೆಸರು ಕಲ್ಪಭೇದ. ಒಂದು ಪುರಾಣದ ಕಥೆ ಇನ್ನೊಂದಕ್ಕೆ ಹೊಂದದಿದ್ದರೆ, ಅದು ಬೇರೆ ಕಲ್ಪದಲ್ಲಿ ನಡೆದದ್ದು, ಇದು ಈ ಕಲ್ಪದ್ದು, ಎರಡೂ ನಿಜ ಅನ್ನುತ್ತಿದ್ದರು. ರಾಮಾನುಜನ್ ಹೇಳುವ ಒಂದು ಜನಪದ ಕಥೆಯಲ್ಲಿ ರಾಮನ ಉಂಗುರ ನೆಲದ ಬಿರುಕಿನಲ್ಲಿ ಬೀಳುತ್ತದೆ. ಹುಡುಕಿಕೊಂಡು ಪಾತಾಳಕ್ಕೆ ಹೋದ ಹನುಮಂತನ ಮುಂದೆ ಅಲ್ಲಿನ ರಾಜ ಒಂದು ತಟ್ಟೆ ಇಡುತ್ತಾನೆ. ತಟ್ಟೆ ತುಂಬ ಉಂಗುರ, ಎಲ್ಲವೂ ರಾಮನದೇ. ಎಷ್ಟು ಉಂಗುರವೋ ಅಷ್ಟು ರಾಮರು ಬಂದು ಹೋಗಿದ್ದಾರೆ. ಮಲ್ಟಿವರ್ಸ್ ಅನ್ನೋ ಪದ ಹಾಲಿವುಡ್ಡಿಗೆ ಹೊಳೆಯುವ ಎಷ್ಟೋ ಮೊದಲೇ ನಮ್ಮ ಕಥೆಗಾರರ ತಟ್ಟೆಯಲ್ಲಿ ಅದಿತ್ತು.

ಹಾಗಾದರೆ ‘ಒಂದೇ ಸರಿ, ಉಳಿದದ್ದು ತಪ್ಪು’ ಅನ್ನುವ ಹಟ ಎಲ್ಲಿಂದ ಬಂತು? ಕ್ಯಾನನ್ ಅನ್ನುವ ಪದ ಚರ್ಚಿನದು. ಯಾವ ಗ್ರಂಥ ಪವಿತ್ರ, ಯಾವುದು ಅಲ್ಲ ಅನ್ನುವ ಪಟ್ಟಿ. 1911ರಲ್ಲಿ ರೊನಾಲ್ಡ್ ನಾಕ್ಸ್ ಬೈಬಲ್ ಪಂಡಿತರನ್ನು ಅಣಕಿಸಲು ಷೆರ್ಲಾಕ್ ಹೋಮ್ಸ್ ಕಥೆಗಳ ಮೇಲೆ ಅದೇ ಶೈಲಿಯಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿಂದ ಫ್ಯಾನ್‌ಗಳ ಬಾಯಿಗೆ ಈ ಪದ ಹತ್ತಿತು. ಅಮೆರಿಕದ ಡಿಸಿ ಕಾಮಿಕ್ಸ್ ಕಂಪನಿ 1985ರಲ್ಲಿ, ನಮ್ಮ ಕಥೆಗಳಲ್ಲಿ ಭೂಮಿಗಳು ತುಂಬಾ ಆಗಿಬಿಟ್ಟಿವೆ, ಓದುಗರಿಗೆ ಗೊಂದಲ ಅಂತ ಒಂದು ದೊಡ್ಡ ಸರಣಿ ಮಾಡಿ ಎಲ್ಲವನ್ನೂ ಹೊಸೆದು ಒಂದು ಮಾಡಿತು. ಕಂಪನಿಗೆ ಅದು ಬೇಕು. ಹಕ್ಕು ಅವರದು, ಮಾರುವವರು ಅವರು. ಮಾಲೀಕ ಇದ್ದಲ್ಲಿ ಒಂದೇ ಅಸಲಿ ಪ್ರತಿ ಬೇಕಾಗುತ್ತದೆ. ಶಿಳ್ಳೇಕ್ಯಾತರ ಹನುಮಪ್ಪನಿಗೆ ಮಾಲೀಕರಿರಲಿಲ್ಲ.

2021ರಲ್ಲಿ ಆ ಹಟ ನಮ್ಮ ಬೆಟ್ಟಕ್ಕೂ ಬಂತು. ಏಪ್ರಿಲ್ 21, ರಾಮನವಮಿ. ತಿರುಮಲದ ಅಂಜನಾದ್ರಿಯೇ ಹನುಮಂತನ ಜನ್ಮಸ್ಥಳ ಅಂತ ತಿರುಪತಿ ದೇವಸ್ಥಾನದವರು, ತಾವೇ ನೇಮಿಸಿದ್ದ ಪಂಡಿತರ ಸಮಿತಿಯ ವರದಿ ಹಿಡಿದು ಘೋಷಿಸಿದರು. ಕಿಷ್ಕಿಂಧೆಯ ಕಡೆಯವರು ಒಪ್ಪಲಿಲ್ಲ. ಅದೇ ಹೊತ್ತಿಗೆ ಗೋಕರ್ಣದ ಹೆಸರೂ ಕೇಳಿಬಂತು. ಮೇ ತಿಂಗಳಲ್ಲಿ ತಿರುಪತಿಯಲ್ಲಿ ಎದುರುಬದುರು ವಾದ ನಡೆದು ಯಾವ ತೀರ್ಮಾನವೂ ಆಗಲಿಲ್ಲ. 2022ರ ಮೇ ಕೊನೆಗೆ ನಾಸಿಕ್‌ನಲ್ಲಿ ಅಲ್ಲಿನ ಅಂಜನೇರಿ ಬೆಟ್ಟದ ಪರ-ವಿರೋಧ ಸಭೆ ಸೇರಿದರೆ ಅದು ಮೈಕ್ ಎತ್ತುವ ಮಟ್ಟಕ್ಕೆ ಹೋಯಿತು. ಜಾರ್ಖಂಡದ ಗುಮ್ಲಾದಲ್ಲೂ ಒಂದು ಅಂಜನ ಗ್ರಾಮ ಇದೆ.

ನನಗೂ ಆಗ ರೋಷ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಬೆಟ್ಟ! ರಾತ್ರಿ ಕೂತು ವಾಲ್ಮೀಕಿಯನ್ನೇ ತೆಗೆದು ನೋಡಿದೆ. ಕಿಷ್ಕಿಂಧಾಕಾಂಡದಲ್ಲಿ ಅಂಜನೆ ಒಂದು ಬೆಟ್ಟದ ತುದಿಯಲ್ಲಿದ್ದಾಗ ವಾಯು ಅವಳನ್ನು ಕಂಡ ಅಂತಿದೆ. ಯಾವ ಬೆಟ್ಟ ಅಂತಿಲ್ಲ. ಸುಂದರಕಾಂಡದಲ್ಲಿ ಹನುಮಂತನೇ ಸೀತೆಗೆ, ತನ್ನ ತಂದೆ ಕೇಸರಿ ಮಾಲ್ಯವಂತ ಬೆಟ್ಟದವನು, ಅಲ್ಲಿಂದ ಗೋಕರ್ಣಕ್ಕೆ ಹೋದ ಅಂತ ಹೇಳುತ್ತಾನೆ. ಮಾಲ್ಯವಂತ ಅನ್ನುವ ಗುಡ್ಡ ನಮ್ಮ ಹಂಪಿಯಲ್ಲೇ ಇದೆ, ಗೆದ್ದೆವು ಅಂದುಕೊಂಡೆ. ಉತ್ತರಕಾಂಡಕ್ಕೆ ಬಂದರೆ ಕೇಸರಿ ಸುಮೇರು ಪರ್ವತದಲ್ಲಿ ಆಳುತ್ತಿದ್ದಾನೆ. ಒಂದೇ ಪುಸ್ತಕದಲ್ಲಿ ಎಷ್ಟು ಬೆಟ್ಟ!

ಆಗ ಹೊಳೆಯಿತು. ಅಮ್ಮನಿಗೆ ನಾನು ಯಾವ ಅಸಲಿ ಪುಸ್ತಕದ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದೆನೋ, ಆ ಪುಸ್ತಕವೇ ಒಂದು ಮಾತಿಗೆ ನಿಂತಿಲ್ಲ. ಅಮ್ಮ ಮತ್ತು ಅವಳ ಗೆಳತಿಯ ಜಗಳಕ್ಕೂ ಈ ಜಗಳಕ್ಕೂ ಇರುವ ಫರಕೂ ತಿಳಿಯಿತು. ಕಥೆಯಲ್ಲಿ ಹನುಮಂತ ಹತ್ತು ಕಡೆ ಹುಟ್ಟಬಹುದು. ಆದರೆ ರಸ್ತೆ, ಯಾತ್ರಿನಿವಾಸ, ಅನುದಾನದ ಮಾತು ಬಂದರೆ ಒಂದೇ ಕಡೆ ಹುಟ್ಟಬೇಕು. 2022ರ ರಾಜ್ಯ ಬಜೆಟ್‌ನಲ್ಲಿ ನಮ್ಮ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆ ಆಯಿತು. ಬೆಟ್ಟಕ್ಕೆ ಸೌಕರ್ಯ ಬಂದರೆ ನನಗೂ ಸಂತೋಷವೇ. ಆದರೆ ಕಲ್ಪಭೇದದ ಮೇಲೆ ಯಾರೂ ಟೆಂಡರ್ ಕರೆಯುವುದಿಲ್ಲ.

ನಾವು ಹೀಗೆ ಅಸಲಿ ಹುಡುಕುವಾಗ ಪರದೆಯ ಹಿಂದಿನ ದೀಪಗಳು ಕಮ್ಮಿಯಾಗುತ್ತಿವೆ. ಗಾಂಧೀಜಿ, ಬಸವಣ್ಣನ ಕಥೆಗಳನ್ನೂ ತೊಗಲಿಗೆ ತಂದ ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ರಾಮಾಯಣ, ಮಹಾಭಾರತವನ್ನು ತೊಗಲ ಗೊಂಬೆಯಲ್ಲಿ ಹಲವು ದೇಶಗಳಿಗೆ ಒಯ್ದ ಅಜ್ಜಿ. ಆ ಸುದ್ದಿ ಓದಿದ ದಿನ ಹೆಮ್ಮೆಗಿಂತ ಮೊದಲು ಸಂಕಟ ಆಯಿತು. ನಮ್ಮ ಜಿಲ್ಲೆಯ ಸ್ಟುಡಿಯೋ ಇದು, ನಾನು ಒಮ್ಮೆಯಾದರೂ ಪೂರ್ತಿ ರಾತ್ರಿ ಕೂತು ನೋಡಿದ್ದೇನಾ? ಇಲ್ಲ. ಒಂದು ಉತ್ಸವದಲ್ಲಿ ಅರ್ಧ ತಾಸಿನ ಆಟ ನೋಡಿ ಫೋಟೋ ತೆಗೆದುಕೊಂಡು ಬಂದಿದ್ದೆ. 2021ರಲ್ಲಿ ಬಂದ ‘ದ ಲೆಜೆಂಡ್ ಆಫ್ ಹನುಮಾನ್’ ಸರಣಿಯನ್ನು ಮಾತ್ರ ರಾತ್ರಿಯೆಲ್ಲ ಕೂತು ನೋಡಿದ್ದೆ.

ಹಳೆಯದೆಲ್ಲ ಒಳ್ಳೆಯದು, ಕಾರ್ಟೂನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹನುಮಪ್ಪ ಕಲ್ಲಿನಿಂದ ತೊಗಲಿಗೆ, ತೊಗಲಿನಿಂದ ಟಿವಿಗೆ, ಅಲ್ಲಿಂದ ಮೊಬೈಲಿಗೆ ಹಾರಿದ್ದಾನೆ. ಹಾರುವುದು ಅವನ ಕಸುಬು. ಯಾವ ರೂಪ ಅಸಲಿ ಅಂತ ಜಗಳ ಆಡುವುದೂ ತಪ್ಪಲ್ಲ, ಪ್ರೀತಿ ಇದ್ದವರೇ ಜಗಳ ಆಡೋದು. ಆದರೆ ‘ನೀ ಯಾವೂರಾಗ ನೋಡಿದಿ?’ ಅನ್ನುವ ಜಗಳ ಕಥೆಯನ್ನು ಬೆಳೆಸುತ್ತದೆ. ‘ಅದು ಮೂಲದಲ್ಲಿ ಇಲ್ಲ’ ಅನ್ನುವುದು ಹೇಳುವವರ ಬಾಯಿ ಮುಚ್ಚಿಸುತ್ತದೆ. ನಾನು ಮುಚ್ಚಿಸಿದ್ದೇನೆ, ಅದಕ್ಕೇ ಗೊತ್ತು.

ಮತ್ಸ್ಯಹನುಮನಿಗೆ ತಂದೆಯ ಗುರುತು ಸಿಕ್ಕಿದ್ದು ಹೇಗೆ? ಹುಡುಕಿದರೆ ಇಂಟರ್‌ನೆಟ್ಟಿನಲ್ಲಿ ಹತ್ತು ಉತ್ತರ ಸಿಗುತ್ತವೆ. ಅವುಗಳಲ್ಲಿ ಅಮ್ಮನ ಉತ್ತರ ಯಾವುದು ಅಂತ ಹೇಳುವವರು ಈಗ ಯಾರೂ ಇಲ್ಲ. ಅವಳ ಕಥೆಯಲ್ಲಿ ತಂದೆ-ಮಗ ಇನ್ನೂ ಪಾತಾಳದ ಬಾಗಿಲಲ್ಲಿ ಹೊಡೆದಾಡುತ್ತಲೇ ಇದ್ದಾರೆ.

ಮೊನ್ನೆ ಗಣೇಶನ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಕ್ಕನ ಮಗ, ಏಳು ವರ್ಷದವನು, ಹನುಮಂತನೂ ಸ್ಪೈಡರ್‌ಮ್ಯಾನೂ ಸೇರಿ ಒಬ್ಬ ರಾಕ್ಷಸನನ್ನು ಹೊಡೆದ ಕಥೆ ಶುರು ಮಾಡಿದ. ಅದು ಯಾವ ಕಾರ್ಟೂನಿನಲ್ಲೂ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಬಾಯಿಗೆ ಬಂದಿತ್ತು, ತಡೆದುಕೊಂಡೆ.

‘ಮಾಮಾ, ಕೇಳಾಕತ್ತಿಯೋ ಇಲ್ಲೋ?’ ಅಂದ.

‘ಹೂಂ’ ಅಂದೆ.